ಪೌರಸಭೆಯ ಅಧಿಕಾರಪಲ್ಲಟ: ಬೆಳಗಾವಿಯ ನಿದರ್ಶನ



ನಗರದ ಸಭೆಯೊಂದರ ಚುನಾವಣೆಯನ್ನು ಕುರಿತು ಕರೋಶಿಯಂಥ ಊರಿನಲ್ಲಿ ಉಪನ್ಯಾಸ ಮಾಡಲು ನಾನು ಒಪ್ಪಿಕೊಂಡುದಕ್ಕೆ ಎರಡು ಕಾರಣಗಳುಂಟು. ಬೆಳಗಾವಿಯು ನಿಮಗೆ ಪರಸ್ಥಳವಲ್ಲ. ಚಿಕ್ಕೋಡಿಯ ಕಚೇರಿಯಲ್ಲಿ ಮುಗಿಯದ ಕೆಲಸವು ಅಲ್ಲಿಗೆ ಹೋಗುತ್ತದೆ, ದವಾಖಾನೆಗೆಂದೋ ಕಾಲೇಜಿಗೆಂದೋ ವ್ಯಾಪಾರಕ್ಕೆಂದೋ ಹೋದವರು ಅಲ್ಲಿಯೇ ಬಾಡಿಗೆ ಮನೆ ಹಿಡಿದು ಕಾಲಕ್ರಮದಲ್ಲಿ ಅಲ್ಲಿಯ ಮತದಾರರೇ ಆಗಿಬಿಡುತ್ತಾರೆ. ಇನ್ನೊಂದು ಕಾರಣವು ಇದಕ್ಕಿಂತ ಗುರುತರವಾದುದು. ಗ್ರಾಮಪಂಚಾಯಿತಿಯ ಚುನಾವಣೆಯಲ್ಲಿ ಪಕ್ಷಗಳ ಚಿಹ್ನೆಗೆ ನಮ್ಮ ರಾಜ್ಯದಲ್ಲಿ ಅವಕಾಶವಿಲ್ಲವಾದುದರಿಂದ, ಚಿಹ್ನೆಯಿಲ್ಲದೆ ಮತ ಹಾಕುವುದು ಹೇಗೆ, ಚಿಹ್ನೆಯಿಲ್ಲದಿದ್ದರೂ ಪಕ್ಷವು ಒಳಗೊಳಗೇ ಹೇಗೆ ನಡೆಯುತ್ತದೆ, ಗೆದ್ದ ಮೇಂಬರನು ಕಡೆಗೆ ಯಾರಿಗೆ ಉತ್ತರ ಕೊಡಬೇಕಾಗುತ್ತದೆ ಎಂಬುದನ್ನು ನಗರವಾಸಿಗಳಿಗಿಂತ ನೀವು ಹೆಚ್ಚಾಗಿ ಬಲ್ಲಿರಿ. ಆದುದರಿಂದ ನಾನು ಹೇಳುವುದನ್ನು ತೂಗಿನೋಡುವ ಅಧಿಕಾರವೂ ನಿಮಗೆ ಹೆಚ್ಚಾಗಿಯೇ ಇದೆ.

ವಿಷಯಕ್ಕೆ ಬರುತ್ತೇನೆ. ೨೦೨೧ನೆಯ ಇಸವಿಯ ಸೆಪ್ಟೆಂಬರ್ ೩ರಂದು ಬೆಳಗಾವಿ ಮಹಾನಗರಪಾಲಿಕೆಯ ೫೮ ವಾರ್ಡುಗಳಿಗೆ ಮತದಾನ ನಡೆದು, ೬ರಂದು ಎಣಿಕೆ ಮುಗಿದಾಗ, ಭಾರತೀಯ ಜನತಾ ಪಕ್ಷಕ್ಕೆ ೩೫, ಕಾಂಗ್ರೆಸ್ಸಿಗೆ ೧೦, ಮಜ್ಲಿಸ್ ಪಕ್ಷಕ್ಕೆ ೧ ಸ್ಥಾನ ದೊರೆತು, ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿಯ ಬೆಂಬಲ ಪಡೆದವರನ್ನೂ ಒಳಗೊಂಡು ಉಳಿದ ೧೨ ಸ್ಥಾನಗಳು ಪಕ್ಷೇತರರ ಪಾಲಾದವು. ರಾಷ್ಟ್ರೀಯ ಪಕ್ಷಗಳು ತಮ್ಮ ತಮ್ಮ ಚಿಹ್ನೆಗಳನ್ನು ಹಿಡಿದು ಈ ಪಾಲಿಕೆಯ ಕಣಕ್ಕೆ ಇಳಿದುದು ಅದೇ ಮೊದಲು. ಅಲ್ಲಿಯವರೆಗೆ ಅಲ್ಲಿ ಮರಾಠಿ ಬಣ, ಕನ್ನಡ ಬಣ, ಉರ್ದು ಬಣ ಎಂದು ಎಣಿಸುತ್ತಿದ್ದರೇ ಹೊರತು ಕಮಲ, ಕೈ ಎಂದು ಎಣಿಸುತ್ತಿರಲಿಲ್ಲ. ವಿಧಾನಸಭೆಗೆ ಒಂದು ಪಕ್ಷಕ್ಕೆ ಮತ ಕೊಟ್ಟ ಮನೆಯವರೇ ಪಾಲಿಕೆಯ ದಿನ ಬಂದಾಗ ಭಾಷೆಯ ಗುಂಪಿನ ಹಿಂದೆ ಹೋಗುತ್ತಿದ್ದರು. ಆ ವ್ಯವಸ್ಥೆಯು ಒಂದೇ ದಿನದ ಎಣಿಕೆಯಲ್ಲಿ ಉರುಳಿತು. ಅಧಿಕಾರಪಲ್ಲಟವೆಂದರೆ ಇದೇ ಎಂದು ಎಲ್ಲರೂ ಅಂದರು. ಅಂದುದು ಸುಳ್ಳೂ ಅಲ್ಲ.

ಆದರೆ ಆ ೫೮ ಮಂದಿ ನಗರಸೇವಕರು ಮಹಾಪೌರರನ್ನು ಆರಿಸುವುದಕ್ಕಾಗಿ ಸಭೆ ಸೇರಿದುದು ೨೦೨೩ರ ಫೆಬ್ರುವರಿ ೬ರಂದು. ಫಲಿತಾಂಶದ ದಿನದಿಂದ ಎಣಿಸಿದರೆ ಸರಿಯಾಗಿ ೧೭ ತಿಂಗಳು. ಬಹುಮತ ಸ್ಪಷ್ಟವಾಗಿದ್ದಿತು, ಬಹುಮತ ಪಡೆದ ಪಕ್ಷವೇ ರಾಜ್ಯದಲ್ಲಿಯೂ ಅಧಿಕಾರದಲ್ಲಿದ್ದಿತು, ಯಾರ ಮನವನ್ನೂ ಒಲಿಸಬೇಕಾದ ಅಗತ್ಯವಿರಲಿಲ್ಲ. ಆದರೂ ಹದಿನೇಳು ತಿಂಗಳು ಸಭಾಗೃಹದ ಕುರ್ಚಿಗಳು ಬರಿದಾಗಿದ್ದವು. ಪಕ್ಷಗಳ ಏಳುಬೀಳಿಗಿಂತ ಈ ಹದಿನೇಳು ತಿಂಗಳ ಶೂನ್ಯವೇ ನನ್ನ ಉಪನ್ಯಾಸದ ವಸ್ತು.

ಸಭೆ ಕೂಡಿ ಊರಿನ ವ್ಯವಹಾರ ನಡೆಸುವ ಪದ್ಧತಿಯು ಬೆಳಗಾವಿಗೆ ಹೊಸದಲ್ಲ. ಅದು ವೇಣುಗ್ರಾಮವೆನಿಸಿ ರಟ್ಟರ ರಾಜಧಾನಿಯಾಗಿದ್ದ ಕಾಲದಲ್ಲಿ, ೧೨೦೪ರ ಸುಮಾರಿಗೆ, ನಾಲ್ಕನೆಯ ಕಾರ್ತವೀರ್ಯನ ಆಳ್ವಿಕೆಯ ಶಾಸನಗಳು, ಅಲ್ಲಿಯ ವರ್ತಕ ಸಮುದಾಯದವರು ಒಟ್ಟುಗೂಡಿ ಬಸದಿಯ ಸಲುವಾಗಿ ತಮ್ಮ ತಮ್ಮ ಸರಕಿನ ಮೇಲಿನ ಆಯವನ್ನು ಬಿಟ್ಟುಕೊಟ್ಟುದನ್ನು ಹೇಳುತ್ತವೆ. ಇಂಗ್ಲಿಷರು ಬಂದ ಮೇಲೆ ೧೮೫೦ರ ೨೬ನೆಯ ಕಾಯಿದೆಯ ಮೇರೆಗೆ ಮುಂಬಯಿ ಇಲಾಖೆಯ ಊರುಗಳಿಗೆ ಮುನಿಸಿಪಾಲಿಟಿ ಮಾಡಿಕೊಳ್ಳುವ ಅವಕಾಶ ಒದಗಿದಾಗ ಬೆಳಗಾವಿಯು ಹಿಂದುಳಿಯಲಿಲ್ಲ. ನಿಮ್ಮ ನೆರೆಯ ಅಥಣಿ, ನಿಪ್ಪಾಣಿಗಳೂ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಆ ಸಾಲಿಗೆ ಸೇರಿದವು. ೧೮೮೨ರಲ್ಲಿ ಲಾರ್ಡ್ ರಿಪನ್ನನು ಸ್ಥಳೀಯ ಸ್ವಯಮಾಡಳಿತದ ನಿರ್ಣಯವನ್ನು ಹೊರಡಿಸಿದಾಗ, ಜನರು ತಮ್ಮ ಊರಿನ ನೀರನ್ನೂ ಬೆಳಕನ್ನೂ ಚರಂಡಿಯನ್ನೂ ತಾವೇ ನೋಡಿಕೊಳ್ಳುವುದರಿಂದ ರಾಜ್ಯಭಾರದ ಶಿಕ್ಷಣವನ್ನು ಪಡೆಯುವರು ಎಂಬ ಭಾವನೆ ಅದರ ಹಿಂದೆ ಇದ್ದಿತು. ಆ ಶಿಕ್ಷಣ ನಮ್ಮವರಿಗೆ ದೊರೆಯಿತೆಂಬುದಕ್ಕೆ ೧೯೨೪ನೆಯ ಇಸವಿಯೊಂದೇ ಸಾಕು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕಮಾತ್ರ ಕಾಂಗ್ರೆಸ್ ಅಧಿವೇಶನವು ಬೆಳಗಾವಿಯ ತಿಲಕವಾಡಿಯಲ್ಲಿ ನಡೆದ ಆ ವರ್ಷದಲ್ಲಿಯೇ ವಲ್ಲಭಭಾಯಿ ಪಟೇಲರು ಅಹಮದಾಬಾದಿನ ಪೌರಸಭೆಯ ಅಧ್ಯಕ್ಷರಾದರು, ಚಿತ್ತರಂಜನ ದಾಸರು ಕಲ್ಕತ್ತೆಯ ಮಹಾಪೌರರಾದರು, ಜವಾಹರಲಾಲರು ಅಲಹಾಬಾದಿನ ಪೌರಸಭೆಯ ಹೊಣೆ ಹೊತ್ತಿದ್ದರು. ಅಧಿವೇಶನಕ್ಕೆ ಬಂದವರ ನೀರಿಗಾಗಿ ತೋಡಿದ ಬಾವಿಯನ್ನು ತಿಲಕವಾಡಿಯಲ್ಲಿ ಜನರು ಇಂದಿಗೂ ಕಾಂಗ್ರೆಸ್ ಬಾವಿಯೆನ್ನುತ್ತಾರೆ. ರಾಷ್ಟ್ರದ ಸ್ವಾತಂತ್ರ್ಯದ ಮಾತನ್ನಾಡುತ್ತಿದ್ದವರಿಗೆ ಊರಿನ ನೀರಿನ ಚಿಂತೆ ಅಲ್ಪವಾಗಿ ಕಂಡಿರಲಿಲ್ಲ.

ಬೆಳಗಾವಿಯ ಪೌರಸಭೆಯ ಲಕ್ಷ್ಯವು ನೀರಿನಿಂದ ಗಡಿಯ ಕಡೆಗೆ ತಿರುಗಿದುದು ಸ್ವಾತಂತ್ರ್ಯದ ಮರುವರ್ಷ. ಅಂದಿನ ಮುನಿಸಿಪಾಲಿಟಿಯು ೧೯೪೮ರಲ್ಲಿ, ಆಗಲಿರುವ ಸಂಯುಕ್ತ ಮಹಾರಾಷ್ಟ್ರದಲ್ಲಿ ನಗರವನ್ನು ಸೇರಿಸಬೇಕೆಂದು ಕೇಳಿಕೊಂಡಿತು. ೧೯೫೬ರ ನವೆಂಬರ್ ೧ರಂದು ಚಂದಗಡ ತಾಲ್ಲೂಕೊಂದನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು. ೧೯೬೭ರಲ್ಲಿ ಗಡಿವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗವು ಬೆಳಗಾವಿ ನಗರವು ಇಲ್ಲಿಯೇ ಇರತಕ್ಕದ್ದೆಂದೂ ನಿಪ್ಪಾಣಿ, ಖಾನಾಪುರ, ನಂದಗಡಗಳನ್ನು ಮಹಾರಾಷ್ಟ್ರಕ್ಕೆ ಕೊಡಬಹುದೆಂದೂ ವರದಿಯಿತ್ತಿತು. ಆ ವರದಿ ಜಾರಿಯಾಗಲಿಲ್ಲ. ೨೦೦೪ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು. ಇಷ್ಟೆಲ್ಲ ನಡೆಯುತ್ತಿರುವಾಗ, ಇದಾವುದನ್ನೂ ನಿರ್ಣಯಿಸುವ ಅಧಿಕಾರವೇ ಇಲ್ಲದ ಪೌರಸಭೆಯು, ಇದನ್ನೇ ನಿರ್ಣಯಿಸುವುದಕ್ಕಾಗಿ ಚುನಾಯಿತವಾಗುತ್ತ ಬಂದಿತು. ವಾರ್ಡಿನ ಗಟಾರು ತುಂಬಿ ಹರಿಯುತ್ತಿದ್ದರೂ ಮತ ಕೇಳಲು ಬಂದವನು ಗಡಿಯ ಮಾತನ್ನೇ ಆಡುತ್ತಿದ್ದನು, ಎದುರಾಳಿಯೂ ಗಡಿಯ ಮಾತಿನಿಂದಲೇ ಉತ್ತರ ಕೊಡುತ್ತಿದ್ದನು.

ಕನ್ನಡಿಗನಾದ ನಾನು ಈ ಮಾತನ್ನು ಸುಮ್ಮನೆ ಆಡುತ್ತಿಲ್ಲ. ೧೯೯೧ರಲ್ಲಿ ಸಿದ್ದನಗೌಡ ಪಾಟೀಲರು ಬೆಳಗಾವಿಯ ಮೊದಲ ಕನ್ನಡ ಮಹಾಪೌರರಾದಾಗ ಈ ಸೀಮೆಯ ಹಳ್ಳಿಹಳ್ಳಿಗಳಲ್ಲಿ ಹರಡಿದ ಹರ್ಷದ ಬೆಲೆ ನನಗೆ ಗೊತ್ತು. ತನ್ನದೇ ಜಿಲ್ಲೆಯ ಮುಖ್ಯ ನಗರದಲ್ಲಿ ತನ್ನ ಭಾಷೆಯವನೊಬ್ಬನು ಪ್ರಥಮ ಪ್ರಜೆಯಾಗಲು ಏಕೀಕರಣದ ತರುವಾಯ ಮೂವತ್ತೈದು ವರ್ಷ ಕಾಯಬೇಕಾದ ಜನರ ಹರ್ಷ ಅದು. ೨೦೦೫ರ ಅಕ್ಟೋಬರಿನಲ್ಲಿ ಪಾಲಿಕೆಯು ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂಬ ನಿರ್ಣಯವನ್ನು ಅಂಗೀಕರಿಸಿದುದು ತಪ್ಪೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಮುಂದಿನ ತಿಂಗಳು ಬೆಂಗಳೂರಿನಲ್ಲಿ ಮಹಾಪೌರ ವಿಜಯ ಮೋರೆಯವರ ಮುಖಕ್ಕೆ ಮಸಿ ಬಳಿದುದೂ ತಪ್ಪೇ, ಆ ನವೆಂಬರಿನಲ್ಲಿಯೇ ಸರ್ಕಾರವು ಇಡೀ ಸಭೆಯನ್ನು ವಿಸರ್ಜಿಸಿದುದು ಇನ್ನೂ ದೊಡ್ಡ ತಪ್ಪು. ಪೌರಸಭೆಯ ನಿರ್ಣಯವೊಂದು ಕಾಯಿದೆಗೆ ವಿರುದ್ಧವಾದರೆ ಆ ನಿರ್ಣಯವನ್ನು ರದ್ದುಗೊಳಿಸುವ ಅಧಿಕಾರವು ಸರ್ಕಾರಕ್ಕೆ ಉಂಟು. ನಿರ್ಣಯವು ಕಾಗದದ ಮೇಲೆ ಸಾಯುತ್ತಿದ್ದಿತು, ಸಭೆಯು ಬದುಕಿ ಉಳಿಯುತ್ತಿದ್ದಿತು. ಸಭೆಯನ್ನೇ ಕೊಂದುದರಿಂದ, ಆ ನಿರ್ಣಯವನ್ನು ವಿರೋಧಿಸಿದ ಕನ್ನಡ ಸದಸ್ಯರನ್ನು ಆರಿಸಿ ಕಳುಹಿಸಿದ ವಾರ್ಡುಗಳೂ ಅನಾಥವಾದವು. ಅಪರಾಧವಿಲ್ಲದವನಿಗೂ ಅಪರಾಧಿಗೂ ಒಂದೇ ದಂಡ ವಿಧಿಸಿದುದನ್ನು ನ್ಯಾಯವೆನ್ನಲಾಗದು.

ಇದೇ ಕಥೆಯು ಆರು ವರ್ಷಗಳ ಮೇಲೆ ಪುನಃ ನಡೆಯಿತು. ೨೦೧೧ರ ರಾಜ್ಯೋತ್ಸವದ ದಿನ ಮಹಾಪೌರ, ಉಪಮಹಾಪೌರರಿಬ್ಬರೂ ಏಕೀಕರಣ ಸಮಿತಿಯ ಕರಾಳ ದಿನದ ಮೆರವಣಿಗೆಯಲ್ಲಿ ಭಾಗವಹಿಸಿದರೆಂಬ ಕಾರಣಕ್ಕೆ ಡಿಸೆಂಬರಿನಲ್ಲಿ ಪಾಲಿಕೆ ಮತ್ತೊಮ್ಮೆ ವಿಸರ್ಜನೆಗೊಂಡಿತು. ೨೦೦೫ರಲ್ಲಿ ವಿಸರ್ಜಿಸಿದುದು ಕಾಂಗ್ರೆಸ್ ಮತ್ತು ಜನತಾದಳಗಳ ಕೂಡು ಸರ್ಕಾರ, ೨೦೧೧ರಲ್ಲಿ ವಿಸರ್ಜಿಸಿದುದು ಭಾರತೀಯ ಜನತಾ ಪಕ್ಷದ ಸರ್ಕಾರ. ಫಲವೇನಾಯಿತೆಂದರೆ, ೨೦೧೩ರ ಮಾರ್ಚಿನಲ್ಲಿ ಚುನಾವಣೆ ನಡೆದಾಗ ಮತದಾರರು ಮರಳಿ ಸಮಿತಿಯ ಮರಾಠಿ ಬಣಕ್ಕೇ ಬಹುಮತವನ್ನು ಕೊಟ್ಟರು. ದಂಡನೆಯಿಂದ ಮತದಾರನ ಮನಸ್ಸು ತಿರುಗಲಿಲ್ಲ, ಬದಲಾಗಿ ಗಟ್ಟಿಯಾಯಿತು.

ಆ ೨೦೧೩ರ ಸಭೆಯ ಚರಿತ್ರೆಯಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಬೆಳಗಾವಿಯಲ್ಲಿ ಮಹಾಪೌರರ ಅವಧಿ ಆಗ ಒಂದು ವರ್ಷ ಮಾತ್ರವಾಗಿದ್ದಿತು, ಆ ಪೀಠವು ಯಾವ ವರ್ಷ ಯಾವ ವರ್ಗಕ್ಕೆ ಮೀಸಲೆಂಬುದನ್ನು ಸರ್ಕಾರದ ಸರದಿ ಪಟ್ಟಿಯು ನಿಶ್ಚಯಿಸುತ್ತದೆ. ೨೦೧೪ರಿಂದ ನಾಲ್ಕು ವರ್ಷ ಸಮಿತಿಯ ಬಣದವರೇ ಆ ಪೀಠವನ್ನು ಅಲಂಕರಿಸಿದರು. ೨೦೧೮ರಲ್ಲಿ ಅದು ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು, ಬಹುಮತದ ಬಣದಲ್ಲಿ ಆ ಪಂಗಡದ ಸದಸ್ಯರೊಬ್ಬರೂ ಇರಲಿಲ್ಲ, ಕನ್ನಡ ಬಣದಲ್ಲಿದ್ದರು. ಹಾಗಾಗಿ ಬಸಪ್ಪ ಚಿಕ್ಕಲದಿನ್ನಿಯವರು ಮಹಾಪೌರರಾದರು. ಒಂದು ಮತವೂ ಅತ್ತಿಂದಿತ್ತ ಹೋಗದೆ, ಒಂದು ವಾರ್ಡಿನಲ್ಲಿಯೂ ಚುನಾವಣೆ ನಡೆಯದೆ, ಪೀಠವು ಒಂದು ಬಣದಿಂದ ಇನ್ನೊಂದು ಬಣಕ್ಕೆ ಸಂದಿತು. ಮೀಸಲಾತಿಯಿಂದ ಎಂದೂ ಪೀಠದ ಹತ್ತಿರ ಸುಳಿಯಲಾಗದಿದ್ದವರಿಗೆ ಪೀಠ ದೊರೆಯಿತೆಂಬುದು ಅದರ ಸಾರ್ಥಕ್ಯ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಸರದಿಯ ಪಟ್ಟಿಯನ್ನು ಯಾವಾಗ ಹೊರಡಿಸಬೇಕೆಂಬುದು ಸರ್ಕಾರದ ಇಚ್ಛೆಗೆ ಬಿಟ್ಟುದಾಗಿರುವವರೆಗೆ, ಪೌರಸಭೆಯ ಬೀಗದ ಕೈಯು ಬೆಂಗಳೂರಿನಲ್ಲಿಯೇ ಇರುತ್ತದೆಂಬುದನ್ನೂ ಮರೆಯಲಾರೆ.

ಈಗ ೨೦೨೧ರ ಪಲ್ಲಟಕ್ಕೆ ಮರಳೋಣ. ಇದರಿಂದ ಒಳಿತಾಗಲೇ ಇಲ್ಲವೆಂದರೆ ಅನ್ಯಾಯವಾದೀತು. ಗೆದ್ದ ಪಕ್ಷವು ಮರಾಠಿ ಮನೆಮಾತಿನವರಿಗೂ ಕನ್ನಡ ಮನೆಮಾತಿನವರಿಗೂ ಬಿ ಫಾರಂ ಕೊಟ್ಟಿತ್ತು. ೨೦೨೩ರಲ್ಲಿ ಆ ಪಕ್ಷದಿಂದ ಮೊದಲ ಮಹಾಪೌರರಾದ ಶೋಭಾ ಸೋಮನಾಚೆಯವರೂ ಉಪಮಹಾಪೌರರಾದ ರೇಷ್ಮಾ ಪಾಟೀಲರೂ ಮರಾಠಿ ಮಾತನಾಡುವವರೇ. ಹಿಂದೆ ಮರಾಠಿಯವರೊಬ್ಬರು ಮಹಾಪೌರರಾದರೆಂದರೆ ಅದು ಗಡಿಯ ಪ್ರಶ್ನೆಯಾಗುತ್ತಿದ್ದಿತು. ಈಗ ಅದು ಒಂದು ಪಕ್ಷದ ಒಳಗಣ ಆಯ್ಕೆಯಾಯಿತು. ಮನೆಯಲ್ಲಿ ಮರಾಠಿಯನ್ನೂ ಅಂಗಡಿಯಲ್ಲಿ ಕನ್ನಡವನ್ನೂ ಆಡುವ ಸಹಸ್ರಾರು ಜನರಿರುವ ಈ ಸೀಮೆಯಲ್ಲಿ, ನಿಪ್ಪಾಣಿ, ಸದಲಗಾ, ಕಾಗವಾಡಗಳ ಕಡೆಗೆ ಹೋಗಿಬರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ, ಭಾಷೆಯು ಮತಯಂತ್ರದಿಂದ ಹೊರಗೆ ಬಂದುದು ಒಂದು ಬಿಡುಗಡೆಯೇ ಸರಿ.

ಆದರೆ ಚಿಹ್ನೆಯೊಡನೆ ಬೇರೊಂದು ಬಂಧನವೂ ಬಂದಿತು. ೧೯೮೭ರ ಕರ್ನಾಟಕ ಸ್ಥಳೀಯ ಪ್ರಾಧಿಕಾರಗಳ ಪಕ್ಷಾಂತರ ನಿಷೇಧ ಕಾಯಿದೆಯ ಪ್ರಕಾರ ಪಕ್ಷದ ಚಿಹ್ನೆಯಿಂದ ಗೆದ್ದ ಸದಸ್ಯನು ಪಕ್ಷದ ವಿಪ್ಪನ್ನು ಮೀರಿ ಮತ ಹಾಕಿದರೆ ಸ್ಥಾನವನ್ನೇ ಕಳೆದುಕೊಳ್ಳಬೇಕಾಗುತ್ತದೆ. ಬಣಗಳ ಕಾಲದ ಸದಸ್ಯರಿಗೆ, ಚಿಹ್ನೆಯಿಲ್ಲದೆ ಗೆದ್ದವರಾದುದರಿಂದ, ಈ ಭಯವಿರಲಿಲ್ಲ. ಶಾಸನಸಭೆಯಲ್ಲಿ ಸರ್ಕಾರ ಉರುಳದಂತೆ ಕಾಯಲು ಇಂಥ ಕಾಯಿದೆ ಅವಶ್ಯವಿರಬಹುದು. ಒಂದು ಓಣಿಯ ರಸ್ತೆಗೆ ಮೊದಲು ಹಣವೋ, ಇನ್ನೊಂದು ಓಣಿಯ ನಳಕ್ಕೆ ಮೊದಲು ಹಣವೋ ಎಂದು ವಿಚಾರಿಸುವ ಸಭೆಯಲ್ಲಿ ವಿಪ್ಪಿಗೆ ಏನು ಕೆಲಸ? ನಿಮ್ಮ ಪಂಚಾಯಿತಿಯ ಮೇಂಬರನು ಎದುರು ಗುಂಪಿನವನ ಮಾತು ಸರಿಯೆನಿಸಿದ ದಿನ ಸರಿಯೆನ್ನಬಲ್ಲನು. ನಗರಸೇವಕನಿಗೆ ಆ ಸ್ವಾತಂತ್ರ್ಯವು ಮೊದಲಿನಷ್ಟು ಉಳಿದಿಲ್ಲ.

ಮಹಾಪೌರರ ಆಯ್ಕೆಯ ಸಭೆ ಹೇಗೆ ನಡೆಯುತ್ತದೆಂಬುದನ್ನು ಇಲ್ಲಿ ಸ್ವಲ್ಪ ಹೇಳುವುದು ಉಚಿತ. ಪೀಠದ ಮೇಲೆ ಕುಳಿತುಕೊಳ್ಳುವವರು ಪ್ರಾದೇಶಿಕ ಆಯುಕ್ತರು, ಅಂದರೆ ಸರ್ಕಾರದ ಅಧಿಕಾರಿ. ಅವರು ನಾಮಪತ್ರಗಳನ್ನು ಓದಿ, ಹಿಂತೆಗೆಯಲು ಕೆಲವು ನಿಮಿಷ ಕೊಟ್ಟು, ಆಮೇಲೆ ಒಬ್ಬೊಬ್ಬ ಅಭ್ಯರ್ಥಿಯ ಹೆಸರು ಹೇಳಿ ಕೈಯೆತ್ತಿರೆನ್ನುತ್ತಾರೆ. ಗುಪ್ತ ಮತವಿಲ್ಲ. ಎತ್ತಿದ ಕೈಗಳನ್ನು ಎಣಿಸುತ್ತಾರೆ, ಎತ್ತಿದವರ ಸಹಿ ಪಡೆಯುತ್ತಾರೆ. ಆ ಸಾಲಿನಲ್ಲಿ ನಗರಸೇವಕರೊಡನೆ ಸಂಸದರೂ ಶಾಸಕರೂ ವಿಧಾನಪರಿಷತ್ತಿನ ಸದಸ್ಯರೂ ಕುಳಿತಿರುತ್ತಾರೆ, ಅವರಿಗೂ ಮತವುಂಟು. ತನ್ನ ಪಕ್ಷದ ಶಾಸಕನು ಪಕ್ಕದಲ್ಲಿಯೇ ಕುಳಿತು ನೋಡುತ್ತಿರುವಾಗ ಕೈಯೆತ್ತುವ ನಗರಸೇವಕನು ತನ್ನ ವಾರ್ಡನ್ನು ನೆನೆಯುವನೋ, ಮುಂದಿನ ಬಿ ಫಾರಮನ್ನು ನೆನೆಯುವನೋ, ನೀವೇ ಊಹಿಸಿರಿ. ಈ ಹೊರಗಣ ಮತಗಳ ಪ್ರಭಾವವು ಎಷ್ಟೆಂಬುದಕ್ಕೆ ಕಲಬುರಗಿಯೇ ಸಾಕ್ಷಿ. ಬೆಳಗಾವಿಯೊಡನೆ ಅದೇ ದಿನ ಮತದಾನ ನಡೆದ ಆ ಪಾಲಿಕೆಯ ೫೫ ವಾರ್ಡುಗಳಲ್ಲಿ ಕಾಂಗ್ರೆಸ್ ೨೭ನ್ನು ಗೆದ್ದು ಅತಿ ದೊಡ್ಡ ಪಕ್ಷವಾಗಿದ್ದಿತು, ಭಾರತೀಯ ಜನತಾ ಪಕ್ಷಕ್ಕೆ ೨೩ ಬಂದಿದ್ದವು. ೨೦೨೩ರ ಮಾರ್ಚಿನಲ್ಲಿ ಕಡೆಗೊಮ್ಮೆ ಸಭೆ ಸೇರಿದಾಗ ೨೩ ಗೆದ್ದವರ ಪಕ್ಷಕ್ಕೇ ಮಹಾಪೌರ ಪೀಠ ಒಂದು ಮತದ ಅಂತರದಿಂದ ದಕ್ಕಿತು. ಕಾಯಿದೆಯ ದೃಷ್ಟಿಯಿಂದ ಅದು ಸಿಂಧುವಾದ ಆಯ್ಕೆ. ವಾರ್ಡುಗಳಲ್ಲಿ ಸಾಲು ನಿಂತು ಮತ ಹಾಕಿ ಹೋದವರಿಗೆ ಅದನ್ನು ತಿಳಿಯಹೇಳುವುದು ಮಾತ್ರ ಕಷ್ಟ.

ಪಕ್ಷಗಳೇ ಪೌರ ಜೀವನಕ್ಕೆ ಶತ್ರುಗಳೆಂದು ನಾನು ಹೇಳುತ್ತಿರುವೆನೆಂದು ಭಾವಿಸಬೇಡಿರಿ. ಜಯಪ್ರಕಾಶ ನಾರಾಯಣರಂಥ ಪುಣ್ಯಾತ್ಮರು ಪಕ್ಷರಹಿತ ಸ್ಥಳೀಯ ಆಡಳಿತವನ್ನು ಬಯಸಿದರು. ೧೯೭೮ರಲ್ಲಿ ಅಶೋಕ ಮೆಹ್ತಾ ಸಮಿತಿಯು ಪಂಚಾಯಿತಿಗಳಲ್ಲಿ ಪಕ್ಷಗಳು ಬಹಿರಂಗವಾಗಿಯೇ ಭಾಗವಹಿಸಲೆಂದಿತು. ನನ್ನ ಮನಸ್ಸು ಈ ಎರಡನೆಯ ಅಭಿಪ್ರಾಯದ ಕಡೆಗೇ ಹೆಚ್ಚು ವಾಲುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಜೋಸೆಫ್ ಚೇಂಬರ್ಲೇನನು ೧೮೭೩ರಿಂದ ೧೮೭೬ರವರೆಗೆ ಮಹಾಪೌರನಾಗಿದ್ದಾಗ, ಲಿಬರಲ್ ಪಕ್ಷದ ಬಿಗಿಯಾದ ಸಂಘಟನೆಯ ಬಲದಿಂದಲೇ ಖಾಸಗಿ ಕಂಪನಿಗಳ ಕೈಯಲ್ಲಿದ್ದ ಗ್ಯಾಸನ್ನೂ ಕುಡಿಯುವ ನೀರನ್ನೂ ನಗರದ ಸ್ವಾಮ್ಯಕ್ಕೆ ತಂದನು, ಕೊಳೆಗೇರಿಗಳನ್ನು ತೆಗೆಯಿಸುವ ಕಾರ್ಯಕ್ಕೆ ಕೈಹಾಕಿದನು. ಪಕ್ಷದ ಶಿಸ್ತು ಅಲ್ಲಿ ಪೌರಸಭೆಯ ತೋಳಿಗೆ ಬಲವಾಯಿತು. ಆದರೆ ಅಲ್ಲಿ ಪೌರಸಭೆಯೇ ಯಜಮಾನನಾಗಿದ್ದಿತು. ಪಕ್ಷವು ಗೆದ್ದ ಮೇಲೆ ಮಾಡಲು ಅದಕ್ಕೆ ಕೆಲಸವಿದ್ದಿತು, ಕೆಲಸ ಮಾಡಲು ಸಭೆಯಿದ್ದಿತು.

ಇಲ್ಲಿ ಏನಿದ್ದಿತು? ಬೆಳಗಾವಿಗೆ ನೀರು ಬರುವುದು ರಾಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ. ಆ ನೀರಿನ ವಿತರಣೆಯು ಪಾಲಿಕೆಯ ಕೈಬಿಟ್ಟು ರಾಜ್ಯದ ನೀರು ಸರಬರಾಜು ಮಂಡಳಿಗೂ ಆಮೇಲೆ ಗುತ್ತಿಗೆಯ ಕಂಪನಿಗಳಿಗೂ ಹೋಯಿತು. ೨೦೦೮ರಲ್ಲಿ ವಿಶ್ವಬ್ಯಾಂಕಿನ ಸಾಲದ ಯೋಜನೆಯಿಂದ ೧೦ ವಾರ್ಡುಗಳಿಗೆ ಹಗಲೂ ಇರುಳೂ ನೀರು ಬಂದಿತು, ಉಳಿದ ವಾರ್ಡುಗಳವರು ನಳದ ಮುಂದೆ ಸರದಿ ಕಾಯುತ್ತಲೇ ಉಳಿದರು. ೨೦೧೬ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ೨೦ ನಗರಗಳಲ್ಲಿ ಬೆಳಗಾವಿಯ ಹೆಸರು ಬಂದಾಗ ಅದಕ್ಕೂ ಪ್ರತ್ಯೇಕ ಕಂಪನಿ. ಇನ್ನು ಕಂಟೋನ್ಮೆಂಟಿನ ಆಡಳಿತ ಮೊದಲಿನಿಂದಲೂ ಬೇರೆಯೇ. ಸಂವಿಧಾನದ ಹನ್ನೆರಡನೆಯ ಅನುಸೂಚಿಯು ೧೮ ವಿಷಯಗಳನ್ನು ಪೌರಸಭೆಗಳಿಗಾಗಿ ಎಣಿಸಿಟ್ಟಿದೆ; ಬೆಳಗಾವಿಯಲ್ಲಿ ಅವುಗಳ ಪೈಕಿ ಮುಖ್ಯವಾದವು ಬೇರೆ ಬೇರೆ ಕೈಗಳಿಗೆ ಹಂಚಿಹೋಗಿವೆ.

ಸಭೆಯೇ ಇಲ್ಲದಿದ್ದ ಕಾಲದ ಲೆಕ್ಕವನ್ನು ಈಗ ಕೂಡಿಸಿ ನೋಡಿರಿ. ೨೦೧೧ರ ಡಿಸೆಂಬರಿನಲ್ಲಿ ವಿಸರ್ಜನೆಯಾಯಿತು. ೨೦೧೩ರ ಮಾರ್ಚಿನಲ್ಲಿ ಚುನಾವಣೆ ನಡೆಯಿತು. ಮಹಾಪೌರರ ಆಯ್ಕೆ ೨೦೧೪ರ ಮಾರ್ಚಿನಲ್ಲಿ. ಆ ಸಭೆಯ ಐದು ವರ್ಷಗಳು ೨೦೧೯ರ ಮಾರ್ಚಿಗೆ ಮುಗಿದವು. ಮುಂದಿನ ಚುನಾವಣೆ ೨೦೨೧ರ ಸೆಪ್ಟೆಂಬರಿನಲ್ಲಿ, ಸಭೆ ೨೦೨೩ರ ಫೆಬ್ರುವರಿಯಲ್ಲಿ. ಹನ್ನೊಂದು ವರ್ಷಗಳಿಗೆ ಮೇಲ್ಪಟ್ಟ ಈ ಕಾಲದಲ್ಲಿ, ಐದು ಲಕ್ಷಕ್ಕೆ ಸಮೀಪದ ಜನಸಂಖ್ಯೆಯ ನಗರವೊಂದಕ್ಕೆ ಚುನಾಯಿತ ಸಭೆಯು ನಡೆದುದು ಐದೇ ವರ್ಷ. ಉಳಿದ ಆರು ವರ್ಷ ಆಡಳಿತಾಧಿಕಾರಿಯೇ ಮಹಾಪೌರ, ಅವರೇ ಸ್ಥಾಯಿ ಸಮಿತಿ, ಅವರೇ ಸಭೆ. ಈ ಕಾಲಾವಧಿಯಲ್ಲಿ ರಾಜ್ಯವನ್ನಾಳಿದವರು ಒಂದೇ ಪಕ್ಷದವರಲ್ಲ. ೨೦೧೩-೧೪ರಲ್ಲಿ ಕಾಂಗ್ರೆಸ್ ಇದ್ದಿತು, ೨೦೧೯ರಲ್ಲಿ ಕೂಡು ಸರ್ಕಾರ, ಅನಂತರ ಭಾರತೀಯ ಜನತಾ ಪಕ್ಷ. ಆದರೆ ಪೌರಸಭೆಯನ್ನು ಕಾಯಿಸುವ ಸಂಗತಿಯಲ್ಲಿ ಎಲ್ಲರೂ ಏಕಾಭಿಪ್ರಾಯದವರಾಗಿದ್ದರು. ೧೯೯೩ರ ಜೂನ್ ೧ರಂದು ಜಾರಿಗೆ ಬಂದ ಸಂವಿಧಾನದ ೭೪ನೆಯ ತಿದ್ದುಪಡಿಯು ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯತಕ್ಕದ್ದೆಂದು ಹೇಳಿತು. ೨೦೦೬ರಲ್ಲಿ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಅದನ್ನೇ ದೃಢಪಡಿಸಿತು. ಇಷ್ಟಾದರೂ ವಾರ್ಡಿನ ಪುನರ್ವಿಂಗಡಣೆ, ಮೀಸಲಾತಿಯ ತಕರಾರು, ನ್ಯಾಯಾಲಯದ ವ್ಯಾಜ್ಯ ಎಂದು ಒಂದಿಲ್ಲೊಂದು ನೆಪ ಸಿಕ್ಕುತ್ತಲೇ ಬಂದಿತು.

ಆದರೂ ಗೆದ್ದ ಸದಸ್ಯರು ಈ ವಿಳಂಬಕ್ಕೆ ಏಕೆ ಸಿಡಿದೇಳಲಿಲ್ಲ? ಇದಕ್ಕೆ ಉತ್ತರವು ಸಂವಿಧಾನದ ೨೪೩-ಯು ವಿಧಿಯಲ್ಲಿಯೇ ಅಡಗಿದೆಯೆಂದು ನನ್ನ ಅಭಿಪ್ರಾಯ. ಪೌರಸಭೆಯ ಐದು ವರ್ಷಗಳನ್ನು ಅದರ ಪ್ರಥಮ ಸಭೆಯ ದಿನದಿಂದ ಎಣಿಸಬೇಕೆಂದು ಆ ವಿಧಿ ಹೇಳುತ್ತದೆ. ಸಭೆ ಕರೆಯಲು ಎಷ್ಟೇ ತಡವಾದರೂ ಗೆದ್ದವನ ಐದು ವರ್ಷದಲ್ಲಿ ಒಂದು ದಿನವೂ ಕಡಿಮೆಯಾಗುವುದಿಲ್ಲ. ಕಾದರೆ ಆಯಿತು, ಎಲ್ಲ ದಿನಗಳೂ ಸಿಕ್ಕುತ್ತವೆ. ಸರ್ಕಾರಕ್ಕೆ ನಷ್ಟವಿಲ್ಲ, ಅಧಿಕಾರಿಯ ಮೂಲಕ ಆಳಬಹುದು. ಶಾಸಕನಿಗೂ ನಷ್ಟವಿಲ್ಲ, ವಾರ್ಡಿನ ಕೆಲಸಕ್ಕೂ ಜನ ಅವನ ಮನೆಗೇ ಬರುತ್ತಾರೆ. ನಷ್ಟವೆಲ್ಲವೂ ಮತ ಹಾಕಿದವರದು. ಮನೆಯ ಉತಾರಕ್ಕಾಗಿ ಪಾಲಿಕೆಯ ಕಚೇರಿಗೆ ಬಂದ ಮುದುಕಿಯೊಬ್ಬಳನ್ನು ಊಹಿಸಿಕೊಳ್ಳಿರಿ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದೆ. ಕಾರಕೂನನು ಅರ್ಜಿ ಬರೆದುಕೊಡೆನ್ನುತ್ತಾನೆ, ಅರ್ಜಿ ಕೊಟ್ಟ ಮೇಲೆ ಸಾಹೇಬರಿಲ್ಲ ನಾಳೆ ಬಾ ಎನ್ನುತ್ತಾನೆ. ಅವಳು ಆರಿಸಿದ ನಗರಸೇವಕನು ಅವಳ ಓಣಿಯಲ್ಲಿಯೇ ಇದ್ದಾನೆ, ಅವಳ ಜೊತೆ ಕಚೇರಿಯವರೆಗೆ ಬರಲೂ ಬರುತ್ತಾನೆ. ಆದರೆ ಆ ಸಾಹೇಬರನ್ನು ಎದ್ದುನಿಂತು ಪ್ರಶ್ನಿಸಬಹುದಾದ ಸಭೆಯೇ ಕೂಡಿಲ್ಲವಾದುದರಿಂದ ಅವನೂ ಅವಳಂತೆಯೇ ಅರ್ಜಿದಾರ. ಘರಪಟ್ಟಿ ಮಾತ್ರ ಆ ವರ್ಷವೂ ಸಲ್ಲಬೇಕು.

ಇದು ದೊಡ್ಡ ನಗರದ ಕಥೆಯೆಂದು ನೀವು ಸಮಾಧಾನಪಡುವಂತಿಲ್ಲ. ನಿಮ್ಮ ಚಿಕ್ಕೋಡಿಯ ಪುರಸಭೆಗೂ ನಿಪ್ಪಾಣಿಯ ನಗರಸಭೆಗೂ ೨೦೧೮ರ ಆಗಸ್ಟ್ ೩೧ರಂದು ಮತದಾನ ನಡೆಯಿತು. ಅಂದು ಚುನಾವಣೆ ನಡೆದ ರಾಜ್ಯದ ನೂರಕ್ಕೂ ಹೆಚ್ಚು ಊರುಗಳಲ್ಲಿ ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿಯ ಜಗಳದಿಂದ ಆಯ್ಕೆಗಳು ೨೦೨೦ರ ಅಕ್ಟೋಬರ್-ನವೆಂಬರಿನವರೆಗೆ ನಿಂತುಹೋದವು. ಮೂವತ್ತು ತಿಂಗಳ ಮೊದಲ ಅವಧಿಯು ೨೦೨೩ರಲ್ಲಿ ಮುಗಿದ ಮೇಲೆ ಎರಡನೆಯ ಅವಧಿಯ ಪಟ್ಟಿಯು ೨೦೨೪ರ ಆಗಸ್ಟಿನವರೆಗೆ ಬರಲಿಲ್ಲ. ಅಷ್ಟು ಕಾಲ ಚುನಾಯಿತ ಸದಸ್ಯರು ಮನೆಯಲ್ಲಿ, ಆಡಳಿತಾಧಿಕಾರಿ ಕುರ್ಚಿಯಲ್ಲಿ. ೨೦೨೧ರ ಡಿಸೆಂಬರಿನಲ್ಲಿ ಅಥಣಿ ಪುರಸಭೆಯಲ್ಲಿ ಕಾಂಗ್ರೆಸ್ ಗೆದ್ದಾಗ, ಕ್ಷೇತ್ರದ ಶಾಸಕರು ಬೇರೆ ಪಕ್ಷದವರಿದ್ದರೂ ಪುರಸಭೆಯು ಹೀಗೆ ತಿರುಗಿತಲ್ಲ ಎಂದು ಸೀಮೆಯೆಲ್ಲ ಮಾತಾಯಿತು. ಆ ಮಾತಿಗೆ ಇದ್ದ ಉತ್ಸಾಹದಲ್ಲಿ ಒಂದಂಶವಾದರೂ ಸಭೆಗಳು ಹೊತ್ತಿಗೆ ಸರಿಯಾಗಿ ಕೂಡುತ್ತಿವೆಯೇ ಎಂಬ ಕಡೆಗೆ ಹರಿದಿದ್ದರೆ ಚೆನ್ನಾಗಿದ್ದಿತು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಸ್ಥೆಯನ್ನಂತೂ ಕೇಳಬೇಡಿರಿ. ೨೦೧೬ರಲ್ಲಿ ಚುನಾಯಿತವಾದವುಗಳ ಅವಧಿ ೨೦೨೧ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ.

ಹೀಗಾಗಲೇಬೇಕಾದುದೇನೂ ಇಲ್ಲವೆಂಬುದಕ್ಕೆ ಬಹುದೂರ ಹೋಗಬೇಕಿಲ್ಲ. ನಮ್ಮವರೇ ಆದ ಕಾಸರಗೋಡಿನ ಕನ್ನಡಿಗರನ್ನು ಕೇಳಿರಿ. ಕೇರಳದಲ್ಲಿ ೨೦೨೦ರ ಸ್ಥಳೀಯ ಚುನಾವಣೆಗಳ ಎಣಿಕೆ ಡಿಸೆಂಬರ್ ೧೬ರಂದು ನಡೆಯಿತು. ೨೧ರಂದು ಸದಸ್ಯರು ಪ್ರಮಾಣವಚನ ಸ್ವೀಕರಿಸಿದರು. ೨೮ರಂದು ರಾಜ್ಯದ ನಗರಸಭೆಗಳೂ ಮಹಾನಗರಪಾಲಿಕೆಗಳೂ ತಮ್ಮ ಅಧ್ಯಕ್ಷರನ್ನೂ ಮಹಾಪೌರರನ್ನೂ ಆರಿಸಿಕೊಂಡವು. ಅಲ್ಲಿಯೂ ಮೀಸಲಾತಿಯುಂಟು, ಅಲ್ಲಿಯೂ ಪಕ್ಷಗಳ ಕಾದಾಟ ನಮ್ಮದಕ್ಕಿಂತ ತೀವ್ರವಾದುದು, ಅಲ್ಲಿಯೂ ನ್ಯಾಯಾಲಯಗಳಿವೆ. ಅದೇ ಸಂವಿಧಾನ, ಅದೇ ವಿಧಿ. ಅಲ್ಲಿ ಹನ್ನೆರಡು ದಿನ, ಬೆಳಗಾವಿಯಲ್ಲಿ ಹದಿನೇಳು ತಿಂಗಳು.

ಮಹಾಜನರೆ, ಕರೋಶಿಯ ಗ್ರಾಮಸಭೆಗೆ ನಾನು ಬಿನ್ನವಿಸಿಕೊಳ್ಳುವುದು ಇಷ್ಟೆ. ಎರಡು ಬೇಡಿಕೆಗಳನ್ನು ನಿರ್ಣಯರೂಪವಾಗಿ ಬರೆದು, ಯಾವ ಪಕ್ಷದವರೇ ಆಗಿರಲಿ, ನಿಮ್ಮ ಶಾಸಕರಿಗೆ ಕಳುಹಿಸಿಕೊಡಿರಿ: ಪೌರಸಭೆಯ ಅಧ್ಯಕ್ಷ, ಮಹಾಪೌರ ಸ್ಥಾನಗಳ ಸರದಿಯನ್ನು ಐದು ವರ್ಷಗಳಿಗೂ ಒಟ್ಟಾಗಿ ಮತದಾನಕ್ಕೆ ಮೊದಲೇ ಪ್ರಕಟಿಸತಕ್ಕದ್ದು, ಫಲಿತಾಂಶವು ರಾಜ್ಯಪತ್ರದಲ್ಲಿ ಪ್ರಕಟವಾದ ೩೦ ದಿನಗಳೊಳಗೆ ಪ್ರಥಮ ಸಭೆಯನ್ನು ಕರೆಯತಕ್ಕದ್ದು, ಕರೆಯದಿದ್ದರೆ ಸದಸ್ಯರೇ ಸೇರುವ ಹಕ್ಕು ಅವರಿಗೆ ಇರತಕ್ಕದ್ದು. ಮುಂದಿನ ಸಲ ಮತ ಕೇಳಲು ಬಂದವರಿಗೆ, ಅವರ ಕೈಯಲ್ಲಿ ಯಾವ ಚಿಹ್ನೆಯಿದ್ದರೂ, ಈ ಎರಡಕ್ಕೆ ಒಪ್ಪಿಗೆಯುಂಟೇ ಎಂದು ಕೇಳಿರಿ, ಒಪ್ಪಿದವರ ಹೆಸರನ್ನು ಬರೆದಿಟ್ಟುಕೊಳ್ಳಿರಿ. ಬೆಳಗಾವಿಯ ಈಗಿನ ಸಭೆಯ ಅವಧಿ ೨೦೨೮ರ ಫೆಬ್ರುವರಿಗೆ ತೀರುತ್ತದೆ. ಕಾಯಿದೆಯನ್ನು ತಿದ್ದಲು ಅಷ್ಟು ಕಾಲ ಸಾಕು.